ಬೆಸುಗೆ ಮೇಷ್ಟ್ರ ಹಸಿರು ಚುಕ್ಕೆ

ಬೆಸುಗೆ ಹಾಕುವಾಗ ರಾಳ ಸುಟ್ಟ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಮೊದಲು ಮೂಗಿನ ತುದಿಗೆ ಕಟುವಾಗಿ ಬಡಿಯುತ್ತದೆ, ಗಂಟಲಿಗೆ ಇಳಿಯುವ ಹೊತ್ತಿಗೆ ಧೂಪದ ದೂರದ ನೆಂಟನಂತೆ ಮೆತ್ತಗಾಗುತ್ತದೆ. ಹೋದ ತಿಂಗಳು ಚಿತ್ರದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಒಂದು ರಿಪೇರಿ ಅಂಗಡಿಯಲ್ಲಿ ಕೂತಿದ್ದಾಗ ಆ ವಾಸನೆ ಬಂತು. ನನ್ನ ವಾಷಿಂಗ್ ಮೆಷಿನ್ನಿನ ಬೋರ್ಡು ಕೆಟ್ಟಿತ್ತು. ಮನೆಗೆ ಬಂದ ಕಂಪನಿಯವನು ಅದನ್ನು ಸರಿಯಾಗಿ ನೋಡುವ ಮೊದಲೇ ಹೊಸ ಬೋರ್ಡು ಹಾಕಿಸಬೇಕೆಂದ. ಇದನ್ನು ರಿಪೇರಿ ಮಾಡುವವರು ಯಾರೂ ಇಲ್ಲ ಎಂದೂ ಸೇರಿಸಿದ. ನಾನು ಹಟಮಾರಿ. ಬೋರ್ಡನ್ನು ಬಿಚ್ಚಿಸಿಕೊಂಡು, ಹಳೇ ಟವೆಲ್ಲಿನಲ್ಲಿ ಕೂಸಿನಂತೆ ಸುತ್ತಿಕೊಂಡು, ಊರೆಲ್ಲ ವಿಚಾರಿಸಿ ಆ ಅಂಗಡಿ ಹುಡುಕಿದೆ.

ಅಂಗಡಿಯವನಿಗೆ ನಲವತ್ತರ ಆಸುಪಾಸು. ಅವನು ಬೆಸುಗೆಯ ಕಾದ ಕಡ್ಡಿಯನ್ನು ಸೀಸಕ್ಕೆ ತಾಕಿಸಿದ, ಒಂದೆಳೆ ಹೊಗೆ ಎದ್ದಿತು. ಅಷ್ಟೇ. ನಾನು ಬಸ್ ಸ್ಟ್ಯಾಂಡಿನ ಹಿಂದೆ ಇರಲಿಲ್ಲ. ಹೊಳಲ್ಕೆರೆ ರಸ್ತೆಯ ತಗಡಿನ ಶೆಡ್ಡಿನಲ್ಲಿ, ಹತ್ತೊಂಬತ್ತು ವರ್ಷದವಳಾಗಿ, ಬಗ್ಗಿ ಕೂತಿದ್ದೆ. ಬೆನ್ನ ಹಿಂದೆ ಒಬ್ಬರು ಪೊರಕೆ ಕಡ್ಡಿ ಹಿಡಿದು ನಿಂತಿದ್ದರು...

ಅವರನ್ನು ನಾವು ಬೆಸುಗೆ ಮೇಷ್ಟ್ರು ಅನ್ನುತ್ತಿದ್ದೆವು. ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಸ್ವತಃ ಏಳನೇ ಇಯತ್ತೆಯಲ್ಲಿ ನಪಾಸಾಗಿ, ಹೊಳಲ್ಕೆರೆಯಲ್ಲಿ ಇಪ್ಪತ್ತು ವರ್ಷ ರೇಡಿಯೋ ರಿಪೇರಿ ಮಾಡಿಕೊಂಡಿದ್ದವರು. ತೆಳ್ಳಗಿನ ಆಳು, ಬಿಳಿ ಪೈಜಾಮ, ಎಡ ತೋರುಬೆರಳಿನ ಮೇಲೆ ಸುಟ್ಟ ಕಲೆಗಳ ಸಾಲು. ಕಿವಿಯ ಮೇಲೆ ಬಡಗಿಗಳು ಪೆನ್ಸಿಲ್ ಸಿಕ್ಕಿಸಿಕೊಂಡ ಹಾಗೆ ಒಂದು ಪೊರಕೆ ಕಡ್ಡಿ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಹಿಂದೆ ಶೇಂಗಾ ಗೋದಾಮಾಗಿದ್ದ ಶೆಡ್ಡಿನಲ್ಲಿ ಒಂದು ಸಣ್ಣ ಕಾರ್ಖಾನೆ ಶುರುವಾಗಿತ್ತು. ಬೇಸಿಗೆಯಲ್ಲಿ ತಗಡು ಕಾದರೆ ಗೋಡೆಗಳು ಇನ್ನೂ ಶೇಂಗಾ ಎಣ್ಣೆಯ ವಾಸನೆ ಬಿಡುತ್ತಿದ್ದವು. ನಾವು ಮಾಡುತ್ತಿದ್ದದ್ದು ನೀರಿನ ಪೆಟ್ಟಿಗೆ. ಊರಿನ ಟ್ಯಾಂಕಿನೊಳಗೆ ಎರಡು ಕಡ್ಡಿ ಇಳಿಬಿಟ್ಟಿರುತ್ತಾರೆ. ನೀರು ಏರಿ ಎರಡನ್ನೂ ಮುಟ್ಟಿದರೆ, ನೀರಿನ ಮೂಲಕ ಇರುವೆಯಷ್ಟು ಕರೆಂಟು ಹರಿಯುತ್ತದೆ. ಪೆಟ್ಟಿಗೆ ಅದನ್ನು ಗುರುತಿಸಿ, ಟ್ಯಾಂಕು ತುಂಬಿತೆಂದು ಮೋಟಾರು ನಿಲ್ಲಿಸುತ್ತದೆ. ನೀರು ಇಳಿದರೆ ತಾನೇ ಶುರು ಮಾಡುತ್ತದೆ. ಮನುಷ್ಯ ಬೇಕಿಲ್ಲ. ಈಗ ಯಂತ್ರದ ಹೊಟ್ಟೆಯೊಳಗೆ ಕೂತು ಯಂತ್ರವನ್ನು ಆಳುವ ಕಂಪ್ಯೂಟರಿಗೆ ಎಂಬೆಡೆಡ್ ಸಿಸ್ಟಮ್ ಎನ್ನುತ್ತಾರೆ. ನಮ್ಮ ಪೆಟ್ಟಿಗೆಯಲ್ಲಿ ಕಂಪ್ಯೂಟರೇನೂ ಇರಲಿಲ್ಲ, ನಾಲ್ಕಾರು ಟ್ರಾನ್ಸಿಸ್ಟರು, ಮೋಟಾರಿನ ಸ್ವಿಚ್ಚನ್ನು ತಾನೇ ಒತ್ತುವ ಒಂದು ರಿಲೇ. ಆದರೂ ಅದು ಇವುಗಳ ಅಜ್ಜಿಯೇ ಎಂದು ನಾನು ನಂಬಿದ್ದೇನೆ.

ಕೆಲಸಕ್ಕೆ ನಾವು ಏಳು ಜನ ಹುಡುಗಿಯರು. ಎಲ್ಲ ಎಸ್ಸೆಸ್ಸೆಲ್ಸಿ. ನಾನು ಭರಮಸಾಗರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಹುಡುಗಿಯರ ಬೆರಳು ಸಣ್ಣ, ತಾಳ್ಮೆ ದೊಡ್ಡದು ಎಂದು ಮ್ಯಾನೇಜರು ಹೇಳುತ್ತಿದ್ದರು. ನಮ್ಮ ತಾಳ್ಮೆ ಎಷ್ಟಿತ್ತೆಂದು ನಮ್ಮ ತಾಯಂದಿರನ್ನು ಕೇಳಬೇಕಿತ್ತು! ಕಾರ್ಖಾನೆಯ ಕಷ್ಟ ಬೇರೆಯೇ ಇತ್ತು. ಇಂಜಿನಿಯರುಗಳು ಬೆಂಗಳೂರಿನಿಂದ ಬರುತ್ತಿದ್ದರು, ಬಿಸಿಲಿಗೆ ಮುಖ ಸಿಂಡರಿಸುತ್ತಿದ್ದರು, ದೊಡ್ಡ ಫ್ಯಾಕ್ಟರಿಯಿಂದ ಕೆಲಸದ ಕಾಗದ ಬಂದ ಕೂಡಲೇ ಸೂಟ್‌ಕೇಸ್ ಎತ್ತುತ್ತಿದ್ದರು. ಕೈ ಪಳಗಿದ ಹುಡುಗಿಯರನ್ನು ಮನೆಯವರು ಮದುವೆ ಮಾಡಿ ಕಳಿಸುತ್ತಿದ್ದರು. ಕೆಲಸ ಕಲಿತವರು ನಿಲ್ಲುತ್ತಿರಲಿಲ್ಲ. ನಿಂತವರು ಮೇಷ್ಟ್ರೊಬ್ಬರೇ, ಆದರೆ ಕೆಲಸ ಬಲ್ಲವರೆಂದು ತೋರಿಸಲು ಅವರ ಹತ್ತಿರ ಯಾವ ಕಾಗದವೂ ಇರಲಿಲ್ಲ.

ಕಲಿಸುವುದರಲ್ಲಿ ಮಾತ್ರ ಅವರದು ಎತ್ತಿದ ಕೈ. ಕಾದ ಕಡ್ಡಿ ಇಟ್ಟ ಮೇಲೆ ಉಸಿರು ಹಿಡಿಯಬೇಕು, ಸೀಸಕ್ಕೆ ಹೊಳಪು ಬಂದ ಮೇಲೆ ಬಿಡಬೇಕು. ಅವಸರ ಮಾಡಿದರೆ ಬೆಸುಗೆ ಮಂಕಾಗುತ್ತದೆ. ಮೇಲಿಂದ ಕೂಡಿದ ಹಾಗೆ ಕಾಣುತ್ತದೆ, ಒಳಗೆ ಹಿಡಿದಿರುವುದಿಲ್ಲ. ಅದನ್ನು ಅವರು ಒಲ್ಲದ ಮದುವೆ ಅನ್ನುತ್ತಿದ್ದರು. ಪೊರಕೆ ಕಡ್ಡಿಯಿಂದ ಒಂದೊಂದೇ ಬೆಸುಗೆಯನ್ನು ಮೆಲ್ಲಗೆ ಒತ್ತುತ್ತಾ ಬಂದು, ಒಂದು ಕಡೆ ನಿಲ್ಲಿಸಿ, ಮುಖ ನೋಡುತ್ತಿದ್ದರು. "ಇಲ್ಲೊಂದು ಒಲ್ಲದ ಮದ್ವಿ ಐತೆ ನೋಡವ್ವ, ಬಿಡ್ಸಿ ಮತ್ತೆ ಮಾಡು." ನಾವು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆವು. ಬಿಡಿಸಿ ಮತ್ತೆ ಮಾಡುವುದು ಬೋರ್ಡಿನಲ್ಲಿ ಎಷ್ಟು ಸುಲಭವಾಗಿತ್ತು...

ಪ್ರತಿ ಹುಡುಗಿಗೂ ಒಂದು ಬಣ್ಣ. ತನ್ನ ಪಾಲಿನ ಬೆಸುಗೆ ಮುಗಿಸಿ ಬೋರ್ಡಿನ ಮೂಲೆಗೆ ತನ್ನ ಬಣ್ಣದ ಒಂದು ಚುಕ್ಕೆ ಇಡಬೇಕು. ನನ್ನದು ಹಳದಿ. ಅದರ ಪಕ್ಕದಲ್ಲಿ, ಎಲ್ಲ ಪರೀಕ್ಷೆ ಮುಗಿದ ಮೇಲೆ, ಮೇಷ್ಟ್ರು ಹಸಿರು ಚುಕ್ಕೆ ಇಡುತ್ತಿದ್ದರು. ಹಸಿರು ಬಿದ್ದ ಮೇಲೆ ಅದು ಅವರ ಹೊಣೆ. ಮಾಡಿದವಳ ಮೇಲೆ ಮತ್ತೆ ಮಾತಿಲ್ಲ. ಈ ಪದ್ಧತಿಯನ್ನು ಯಾವ ಇಂಜಿನಿಯರೂ ಹೇಳಿಕೊಟ್ಟಿದ್ದಲ್ಲ, ಅವರದೇ. ರೇಡಿಯೋ ಅಂಗಡಿಯಲ್ಲೂ ಹೀಗೇ ಮಾಡುತ್ತಿದ್ದರಂತೆ.

ಅವರಿಗೆ ಒಂದೇ ಒಂದು ಆಸೆಯಿತ್ತು. ಒಂದು ಕಾಗದ. ಮ್ಯಾನೇಜರು ಮಾತು ಕೊಟ್ಟಿದ್ದರು. ಹೊಸದುರ್ಗದ ಕಡೆಯ ಒಂದು ಊರಿಗೆ ಹೋಗುವ ಪೆಟ್ಟಿಗೆ ಚೆನ್ನಾಗಿ ನಡೆದರೆ ಆ ಸುತ್ತಿನ ಊರುಗಳದ್ದೆಲ್ಲ ಆರ್ಡರು ಬರುತ್ತದೆ, ಆಗ ಮೇಷ್ಟ್ರನ್ನು ಖಾಯಂ ಮಾಡಿ, ಹೆಸರಿನ ಕೆಳಗೆ 'ಟೆಕ್ನಿಷಿಯನ್' ಎಂದು ಟೈಪು ಮಾಡಿಸಿ, ಮೊಹರು ಹಾಕಿ ಕೊಡುವುದೆಂದು. ಮಾತು ಬಂದ ಮರುದಿನವೇ ಅವರು ತಮ್ಮ ಬೆಂಚಿನ ಮೇಲಿನ ಗೋಡೆಗೆ ಒಂದು ಮೊಳೆ ಹೊಡೆದರು. ಕಾಗದಕ್ಕೆ ಕಟ್ಟು ಹಾಕಿಸಿ ಅಲ್ಲಿ ತೂಗುಹಾಕಲು. ನಾವು ಮೊಳೆಗೆ ದಿನಾ ನಮಸ್ಕಾರ ಮಾಡಿ ಚುಡಾಯಿಸುತ್ತಿದ್ದೆವು. ಅವರು ನಗುತ್ತಿದ್ದರು. ಹೊಳಲ್ಕೆರೆಯ ಅಂಗಡಿ ಮುಚ್ಚಿ ಬಂದಿದ್ದರು, ಇಲ್ಲಿನ ಕೆಲಸ ಹೋದರೆ ಅಲ್ಲಿ ಏನೂ ಉಳಿದಿರಲಿಲ್ಲ. ಅದು ನಮಗೆ ಗೊತ್ತಿತ್ತು, ಆದರೂ ಅದರ ಭಾರ ಗೊತ್ತಿರಲಿಲ್ಲ.

ಆ ವರ್ಷ ಮೂರನೇ ಇಂಜಿನಿಯರೂ ಹೊರಟುಹೋದರು. ನಕ್ಷೆಗಳನ್ನೂ ಜೊತೆಗೆ ತೆಗೆದುಕೊಂಡು ಹೋದರು. ಮ್ಯಾನೇಜರು ತಲೆ ಮೇಲೆ ಕೈಹೊತ್ತು ಕೂತರು. ಮೇಷ್ಟ್ರಿಗೆ ಇಂಗ್ಲಿಷ್ ನಕ್ಷೆ ಓದಲು ಬರುತ್ತಿರಲಿಲ್ಲ, ಆದರೆ ಪೆಟ್ಟಿಗೆಯ ಒಳಗಿನದೆಲ್ಲ ಅವರ ತಲೆಯಲ್ಲಿ ಇತ್ತು. ನನ್ನನ್ನು ಕೂರಿಸಿಕೊಂಡು, ಯಾವ ತಂತಿ ಎಲ್ಲಿಂದ ಎಲ್ಲಿಗೆ, ಏನು ಕೆಟ್ಟರೆ ಎಲ್ಲಿ ಮೊದಲು ನೋಡಬೇಕು, ಎಲ್ಲವನ್ನೂ ಹೇಳಿ ಬರೆಸಿದರು. ಎರಡು ವಾರ ಬರೆದೆ. ನೂರು ಪುಟದ ನೋಟ್‌ಬುಕ್ ತುಂಬಿತು. ಮ್ಯಾನೇಜರು ಅದನ್ನು ತಿರುವಿ ನೋಡಿ ಬಹಳ ಸಂತೋಷಪಟ್ಟರು. ಅಷ್ಟೊಂದು ಸಂತೋಷ ಯಾಕೆಂದು ನನಗೆ ಆಗ ಹೊಳೆಯಲಿಲ್ಲ.

ಹೊಸದುರ್ಗದ ಕಡೆಗೆ ಹೋಗುವ ಆ ಪೆಟ್ಟಿಗೆಯನ್ನು ಮೊದಲ ಬೆಸುಗೆಯಿಂದ ಕೊನೆಯ ಬೆಸುಗೆಯವರೆಗೆ ಮಾಡಿದವಳು ನಾನು. ಅಲ್ಲಿಯವರೆಗೆ ಯಾವ ಹುಡುಗಿಗೂ ಪೂರ್ತಿ ಬೋರ್ಡು ಕೊಟ್ಟಿರಲಿಲ್ಲ. ಆಯುಧ ಪೂಜೆಯ ಹಿಂದಿನ ದಿನ ಮುಗಿಸಿದೆ. ಮೇಷ್ಟ್ರು ಕಡ್ಡಿ ಒತ್ತಿ ಒತ್ತಿ ನೋಡಿದರು, ಒಂದೂ ಒಲ್ಲದ ಮದುವೆ ಸಿಗಲಿಲ್ಲ. ಬಕೆಟ್ಟಿನ ನೀರಿನಲ್ಲಿ ಪೆಟ್ಟಿಗೆಯ ಎರಡು ಕಡ್ಡಿ ಮುಳುಗಿಸಿ, ಎತ್ತಿ, ಹತ್ತು ಸಲ ಪರೀಕ್ಷೆ ಮಾಡಿದರು. ಹಸಿರು ಚುಕ್ಕೆ ಇಟ್ಟರು. ಮುಚ್ಚಳ ಬಣ್ಣಕ್ಕೆ ಹೋಗಿತ್ತು, ಹಬ್ಬ ಕಳೆದು ಬರಬೇಕಿತ್ತು. ಹಾಗಾಗಿ ತೆರೆದ ಪೆಟ್ಟಿಗೆಗೆ ಒಂದು ಬಿಳಿ ಬಟ್ಟೆ ಮುಚ್ಚಿದರು.

ಮರುದಿನ ಪೂಜೆ. ಬೆಸುಗೆ ಕಡ್ಡಿಗಳು, ಇಕ್ಕಳಗಳು, ತಿರುಪುಳಿಗಳು, ಮೀಟರು, ಮ್ಯಾನೇಜರ ಸ್ಕೂಟರು ಎಲ್ಲಕ್ಕೂ ತೊಳೆದು ಅರಿಶಿನ ಕುಂಕುಮ, ಚೆಂಡು ಹೂವು. ಮೇಷ್ಟ್ರು ಒಂದು ಮಾತು ಹೇಳಿಯೇ ಪೂಜೆಗೆ ಬಿಟ್ಟಿದ್ದರು. "ಬೋರ್ಡಿಗೆ ಮಾತ್ರ ಪೂಜೆ ಬ್ಯಾಡ. ಬಟ್ಟೆ ತೆಗೀಬ್ಯಾಡ್ರಿ." ಎಲ್ಲರೂ ತಲೆಯಾಡಿಸಿದೆವು.

ನಾನು ತೆಗೆದೆ. ಎಲ್ಲರೂ ಮಂಡಕ್ಕಿ, ಬಾಳೆಹಣ್ಣು ಹಂಚಿಕೊಳ್ಳಲು ಹೊರಗೆ ಹೋಗಿದ್ದರು. ಇಕ್ಕಳಕ್ಕೆ ಕುಂಕುಮ, ಸ್ಕೂಟರಿಗೆ ಕುಂಕುಮ, ನಾನೇ ಮಾಡಿದ ನನ್ನ ಮೊದಲ ಪೆಟ್ಟಿಗೆಗೆ ಇಲ್ಲವೇ ಅನ್ನಿಸಿತು. ನಮ್ಮವ್ವ ಹೊಸ ಮೊರ ತಂದರೂ ಕುಂಕುಮ ಇಡದೆ ಬಳಸಿದವಳಲ್ಲ. ಬಟ್ಟೆ ಸರಿಸಿ, ನೀರಿನಲ್ಲಿ ಕಲಸಿದ ಕುಂಕುಮವನ್ನು ಉಂಗುರದ ಬೆರಳಿನಿಂದ ಬೋರ್ಡಿನ ನಡುವೆ ಇಟ್ಟೆ, ಕಣ್ಣಿಗೊತ್ತಿಕೊಂಡೆ. ಆಮೇಲೆ ಭಯವಾಗಿ ಸೆರಗಿನಿಂದ ಒರೆಸಿ, ಬಟ್ಟೆ ಮುಚ್ಚಿದೆ. ಒರೆಸಿದ ಮೇಲೆ ಏನೂ ಕಾಣಲಿಲ್ಲ. ಕಾಣದ್ದು ಇಲ್ಲವೆಂದೇ ತಿಳಿದೆ. ಹಬ್ಬ ಕಳೆಯಿತು, ಮುಚ್ಚಳ ಬಂತು, ತಿರುಪು ಬಿಗಿದು ಪೆಟ್ಟಿಗೆಯನ್ನು ಕಳಿಸಿದರು.

ಕುಂಕುಮದಲ್ಲಿ ಅರಿಶಿನವಿದೆ, ಸುಣ್ಣವಿದೆ. ಒಣಗಿದ್ದಾಗ ಅದು ಸಾಧು. ತೇವ ಹೀರಿಕೊಂಡರೆ ಕರೆಂಟಿಗೆ ದಾರಿ ಬಿಡುತ್ತದೆ. ಇದನ್ನು ಆಮೇಲೆ ಎಷ್ಟೋ ವರ್ಷ ನಾನೇ ತರಗತಿಯಲ್ಲಿ ಹೇಳಿದ್ದೇನೆ, ಯಾರ ಕಥೆಯೆಂದು ಹೇಳದೆ.

ಪೆಟ್ಟಿಗೆ ಕೂರಿಸಿ ಎರಡು ವಾರಕ್ಕೆ ಮಳೆ ಹಿಡಿಯಿತು. ಪಂಪ್‌ಹೌಸಿನ ಗೋಡೆಗಳೆಲ್ಲ ಬೆವತವು. ಬೋರ್ಡಿನ ಸಂದಿಯಲ್ಲಿ ಅಡಗಿದ್ದ ನನ್ನ ಕುಂಕುಮವೂ ತೇವಗೊಂಡಿತು. ಅದರ ಮೂಲಕ ಇರುವೆಯಷ್ಟು ಕರೆಂಟು ಹರಿಯಿತು. ಪೆಟ್ಟಿಗೆ ಅದನ್ನೇ ನೀರೆಂದು ನಂಬಿ, ಟ್ಯಾಂಕು ತುಂಬಿದೆಯೆಂದು ಮೋಟಾರು ನಿಲ್ಲಿಸಿಬಿಟ್ಟಿತು. ಟ್ಯಾಂಕು ಬರಿದಾಗುತ್ತಾ ಹೋಯಿತು. ನೋಡಲು ಅಲ್ಲಿ ಯಾರಾದರೂ ಇದ್ದರೆ ತಾನೆ? ಇನ್ನು ಮನುಷ್ಯ ಬೇಡವೆಂದು, ವರ್ಷಗಟ್ಟಲೆ ಅಲ್ಲಿದ್ದ ಪಂಪಿನವನನ್ನು ಬೇರೆ ಕಡೆ ಕಳಿಸಿದ್ದರು. ಪಂಪ್‌ಹೌಸಿಗೆ ಬೀಗ. ಎರಡು ದಿನ ಊರು ಕೊಡ ಹಿಡಿದು ಹಳೇ ಬಾವಿಗಳಿಗೆ ಅಲೆಯಿತು. ಮೂರನೇ ದಿನ ನೀರು ಸರಬರಾಜು ಇಲಾಖೆಯ ಮೇಲಿನ ಸಾಹೇಬರು ಫೋನು ಮಾಡಿ ನಮ್ಮ ಮ್ಯಾನೇಜರ ಬೆವರಿಳಿಸಿದರು.

ಮೇಷ್ಟ್ರು ಚೀಲ ಹಿಡಿದು ಬಸ್ಸು ಹತ್ತಿದರು. ಸಂಜೆ ವಾಪಸು ಬಂದಾಗ ನಾವು ಮನೆಗೆ ಹೊರಡುವ ಹೊತ್ತು. ಪೆಟ್ಟಿಗೆ ಸರಿಯಾಯಿತು ಅಂದರು. ನಲ್ಲಿಯ ಹತ್ತಿರ ಹೋಗಿ, ಚೀಲದಿಂದ ಬೋರ್ಡು ಒರೆಸುವ ಬಟ್ಟೆ ತೆಗೆದು, ತೊಳೆಯಲು ಶುರು ಮಾಡಿದರು. ಕೈ ತೊಳೆಯಲು ನಾನು ಅಲ್ಲೇ ನಿಂತಿದ್ದೆ. ಬಟ್ಟೆಯಿಂದ ಇಳಿದ ನೀರು ಕೆಂಪಗಿತ್ತು. ಬಹಳವೇನಲ್ಲ... ಒಂದು ಹನಿ ಕುಂಕುಮದಷ್ಟು. ನಾನು ನೀರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಬಟ್ಟೆ ಹಿಂಡಿ, ಕೊಡವಿ, ತಂತಿಯ ಮೇಲೆ ಹರವಿ ಒಳಗೆ ಹೋದರು.

ಮರುದಿನ ಮ್ಯಾನೇಜರು ಎಲ್ಲರನ್ನೂ ನಿಲ್ಲಿಸಿ ಕೇಳಿದರು. ಬೋರ್ಡಿನ ಮೂಲೆಯಲ್ಲಿ ಹಳದಿಯೂ ಇದೆ, ಹಸಿರೂ ಇದೆ, ತಪ್ಪು ಯಾರದು? ನಾನು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ನನಗೊಂದು ಗಂಡು ಗೊತ್ತು ಮಾಡಿದ್ದರು. ನನಗೆ ಎಳ್ಳಷ್ಟೂ ಮನಸ್ಸಿರಲಿಲ್ಲ. ಕೆಲಸವಿದೆ ಎಂಬ ಒಂದೇ ನೆವದಿಂದ ಅದನ್ನು ತಡೆದಿದ್ದೆ. ಈ ಸಂಗತಿ ಕಾರ್ಖಾನೆಯಲ್ಲಿ ಮೇಷ್ಟ್ರೊಬ್ಬರಿಗೆ ಗೊತ್ತಿತ್ತು, ನೋಟ್‌ಬುಕ್ ಬರೆಯುವಾಗ ನಾನೇ ಹೇಳಿಕೊಂಡು ಅತ್ತಿದ್ದೆ.

ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು. "ಹಸ್ರು ನಂದು ಸಾರ್. ಕಣ್ಣು ಮಂಜಾಗೈತೆ, ಸರೀಗೆ ನೋಡ್ದಲೇ ಇಟ್ಬಿಟ್ಟೆ."

ಅವರ ಕಣ್ಣು ಮಂಜಾಗಿರಲಿಲ್ಲ. ಸೂಜಿಗೆ ದಾರ ಪೋಣಿಸಲು ನಾವೇ ಅವರ ಹತ್ತಿರ ಹೋಗುತ್ತಿದ್ದೆವು. ಆ ಕ್ಷಣದಲ್ಲಿ ನಾನು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾಯಿ ತೆರೆದೆ ಕೂಡ. ಪಕ್ಕದವಳು ನನಗೆ ತಲೆ ಸುತ್ತುತ್ತಿದೆ ಎಂದುಕೊಂಡು ತೋಳು ಹಿಡಿದುಕೊಂಡಳು. ನಾನು ಅವಳಿಗೆ ಒರಗಿಕೊಂಡೆ, ಸುಮ್ಮನಾದೆ. ಇಷ್ಟು ವರ್ಷ ಆದರೂ ಆ ಒರಗಿಕೊಂಡದ್ದನ್ನು ನೆನೆದರೆ ನನಗೆ ನನ್ನ ಮೇಲೆಯೇ ಹೇಸಿಗೆ ಬರುತ್ತದೆ.

ಪರೀಕ್ಷೆ ಮಾಡಲು ಸರ್ಟಿಫಿಕೇಟು ಇರುವವರೇ ಬೇಕೆಂದು ಮೇಲಿನ ಸಾಹೇಬರು ಹೇಳಿದ್ದಾರೆ, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಮ್ಯಾನೇಜರು ಮೇಷ್ಟ್ರಿಗೆ ತಿಳಿಸಿದರು. ಮ್ಯಾನೇಜರ ಕೈಯಲ್ಲಿ ನನ್ನ ನೋಟ್‌ಬುಕ್ ಇತ್ತು. ಅದಿಲ್ಲದಿದ್ದರೆ ಮೇಷ್ಟ್ರನ್ನು ಅಷ್ಟು ಸುಲಭವಾಗಿ ಕೆಲಸದಿಂದ ಕಳಿಸುವ ಧೈರ್ಯ ಬರುತ್ತಿರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ತಮ್ಮ ತಲೆಯಲ್ಲಿದ್ದುದನ್ನೆಲ್ಲ ಅವರೇ ಬರೆಸಿ ಕೊಟ್ಟಿದ್ದರಲ್ಲ.

ಅವರು ಹೊರಡುವ ದಿನ ಹುಡುಗಿಯರೆಲ್ಲ ಬಾಗಿಲಿಗೆ ಬಂದರು. ನಾನು ಬೆಂಚಿನ ಹತ್ತಿರವೇ ಉಳಿದೆ, ಕೆಲಸದ ನೆವ ಹೂಡಿ. ಅವರು ಹಸಿರು ಬಣ್ಣದ ಸೀಸೆಯನ್ನು ತಂದು ನನ್ನ ಮುಂದೆ ಇಟ್ಟರು. "ಇನ್ಮೇಲೆ ನೀನೇ ನೋಡ್ಕಬೇಕವ್ವ" ಅಂದರು. ಪೊರಕೆ ಕಡ್ಡಿ ಕಿವಿಯ ಮೇಲೇ ಇತ್ತು. ಹಾಗೇ ಹೋದರು. ಮೊಳೆ ಗೋಡೆಯಲ್ಲಿ ಉಳಿಯಿತು.

ಅವರ ಕುರ್ಚಿಗೆ ನನ್ನನ್ನು ಕೂರಿಸಿದರು. ನನಗೂ ಸರ್ಟಿಫಿಕೇಟು ಇರಲಿಲ್ಲ, ಎಸ್ಸೆಸ್ಸೆಲ್ಸಿ ಇತ್ತು, ಇಂಗ್ಲಿಷ್ ಓದಲು ಬರುತ್ತಿತ್ತು, ಸಾಹೇಬರು ಬಂದಾಗ ಅಷ್ಟು ಸಾಕಾಯಿತು. ನೋಟ್‌ಬುಕ್ ತೆರೆದಿಟ್ಟುಕೊಂಡು ಪರೀಕ್ಷೆ ಮಾಡಿದೆ. ಅದರಲ್ಲಿ ತಂತಿಗಳೆಲ್ಲ ಇದ್ದವು. ಕಡ್ಡಿ ಒತ್ತಿದಾಗ ಅವರ ಬೆರಳಿಗೆ ಏನು ತಿಳಿಯುತ್ತಿತ್ತೋ ಅದು ಇರಲಿಲ್ಲ. ಹಿರಿಯೂರಿಗೆ ಹೋದ ಪೆಟ್ಟಿಗೆ ವಾಪಸು ಬಂತು, ಆಮೇಲೆ ಇನ್ನೊಂದು ಬಂತು. ನಾಲ್ಕನೇ ಇಂಜಿನಿಯರು ಬಂದರು, ಹೋದರು. ಯಾರನ್ನಾದರೂ ಹೊಳಲ್ಕೆರೆಗೆ ಕಳಿಸಿ ಮೇಷ್ಟ್ರನ್ನು ಕರೆಸಿ ಎಂದು ಹೇಳಲು ನಾನೆಷ್ಟೋ ಸಲ ಮ್ಯಾನೇಜರ ಬಾಗಿಲಿನವರೆಗೆ ಹೋದೆ. ಕರೆಸಿದರೆ ಕಾರಣ ಹೇಳಬೇಕಾಗುತ್ತಿತ್ತು. ಬಾಗಿಲಿನಿಂದ ಹಿಂದಿರುಗುತ್ತಿದ್ದೆ. ಎರಡೇ ವರ್ಷಕ್ಕೆ ಶೆಡ್ಡು ಮತ್ತೆ ಶೇಂಗಾ ಗೋದಾಮಾಯಿತು.

ಮುಚ್ಚುವಾಗ ಮ್ಯಾನೇಜರು ನನಗೊಂದು ಕಾಗದ ಕೊಟ್ಟರು. ಪರೀಕ್ಷೆ ಮತ್ತು ರಿಪೇರಿ ವಿಭಾಗವನ್ನು ನೋಡಿಕೊಂಡವಳು ಎಂದು ಟೈಪಾಗಿತ್ತು, ಕೆಳಗೆ ಮೊಹರು. ಆ ಕಾಗದ ಹಿಡಿದು ಮುಂದೆ ಓದಿದೆ, ಅದೇ ಕಾಗದ ತೋರಿಸಿ ಐಟಿಐನಲ್ಲಿ ಹುಡುಗರಿಗೆ ಕಲಿಸುವ ಕೆಲಸ ಹಿಡಿದೆ. ಮನೆಯವರು ಗೊತ್ತು ಮಾಡಿದ್ದ ಗಂಡನ್ನು ಬಿಟ್ಟು ನನಗೆ ಬೇಕಾದವರನ್ನು ಮದುವೆಯಾದೆ. ನನ್ನ ಬದುಕು ಸರಿಯಾಗಿಯೇ ನಡೆಯಿತು. ಹೀಗೆ ಬರೆಯುವುದಕ್ಕೇ ನಾಚಿಕೆಯಾಗುತ್ತದೆ.

ಒಂದೇ ಒಂದು ಸಲ ಅವರನ್ನು ನೋಡಿದೆ. ನಾನು ಐಟಿಐ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ. ನಾನು ಬಸ್ಸಿನೊಳಗೆ ಕಿಟಕಿ ಪಕ್ಕ, ಅವರು ಕೆಳಗೆ ಒಂದು ಗೋಣಿ ಚೀಲದ ಪಕ್ಕ. ಯಾರದೋ ದಿನಸಿ ಅಂಗಡಿಯಲ್ಲಿ ತೂಕ ಹಾಕಿಕೊಡುತ್ತಿದ್ದೇನೆ ಅಂದರು. ಕಿವಿಯ ಮೇಲೆ ಕಡ್ಡಿ ಇರಲಿಲ್ಲ. ನಾನು ಕಲಿಸುವ ಕೆಲಸ ಮಾಡುತ್ತಿರುವುದನ್ನು ಕೇಳಿ ಅವರ ಮುಖ ಅರಳಿತು. ಅದು ನಾಟಕವಲ್ಲ, ನಿಜವಾಗಿಯೂ ಅರಳಿತು. ಕಂಡಕ್ಟರು ಸೀಟಿ ಊದಿದ. ಮೇಷ್ಟ್ರು ಕಿಟಕಿಯ ಸರಳು ಹಿಡಿದು, ದನಿ ತಗ್ಗಿಸಿ, ಒಂದೇ ಮಾತು ಕೇಳಿದರು.

"ಹಬ್ಬದಾಗೆ ಬೋರ್ಡಿಗೆ ಬಟ್ಟೆ ಮುಚ್ಚಾಕ್ ಹೇಳ್ತೀಯೇನವ್ವ, ಹುಡುಗ್ರಿಗೆ?"

ಹೇಳುತ್ತೇನೆ ಎಂದು ತಲೆಯಾಡಿಸಿದೆ. ಬಸ್ಸು ಹೊರಟಿತು. ಇಳಿಯಬಹುದಿತ್ತು. ಕೂಗಿದ್ದರೆ ಬಸ್ಸು ನಿಲ್ಲುತ್ತಿತ್ತು, ಹೊಳಲ್ಕೆರೆಯ ಬಸ್ಸುಗಳು ಕೋಳಿ ಅಡ್ಡ ಬಂದರೂ ನಿಲ್ಲುತ್ತಿದ್ದ ಕಾಲ ಅದು. ಮುಂದಿನ ವಾರ ಬರೋಣ, ಕೂತು ಮಾತಾಡೋಣ ಎಂದುಕೊಂಡೆ. ಆ ವಾರ ಬರಲಿಲ್ಲ, ವರ್ಷ ಬರಲಿಲ್ಲ... ಕೊನೆಗೆ ಹೋದಾಗ ದಿನಸಿ ಅಂಗಡಿಯವರು, ಆ ರೇಡಿಯೋದವರಾ, ಅವರು ತೀರಿಕೊಂಡು ಎರಡು ಮಳೆಗಾಲವಾಯಿತಲ್ಲ ಅಂದರು.

ಈಗಲೂ ನಮ್ಮ ಮನೆಯಲ್ಲಿ ಆಯುಧ ಪೂಜೆಗೆ ಮಿಕ್ಸಿ, ಫ್ರಿಜ್ಜು, ಸ್ಕೂಟರು ಎಲ್ಲ ಹೂವು ಮುಡಿಯುತ್ತವೆ. ಕುಂಕುಮ ಮಾತ್ರ ನಾನು ಯಾವುದಕ್ಕೂ ಇಡುವುದಿಲ್ಲ. ಬಣ್ಣ ಕೆಡುತ್ತದೆಂಬ ಜಿಪುಣತನ ಎಂದು ಸೊಸೆ ತಿಳಿದಿದ್ದಾಳೆ. ತಿಳಿದುಕೊಳ್ಳಲಿ ಎಂದು ಬಿಟ್ಟಿದ್ದೇನೆ.

ರಿಪೇರಿ ಅಂಗಡಿಯವನು ಬೋರ್ಡನ್ನು ಬೆಳಕಿಗೆ ಹಿಡಿದು ತಪ್ಪು ಎಲ್ಲಿದೆಯೆಂದು ಹುಡುಕುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಅವನ ಮೇಜಿನ ಮೂಲೆಯಲ್ಲಿದ್ದ ಪೊರಕೆಯಿಂದ ಒಂದು ಕಡ್ಡಿ ಮುರಿದುಕೊಂಡು, ಎದ್ದು ಹೋಗಿ, ಒಂದೊಂದೇ ಬೆಸುಗೆ ಒತ್ತಿದೆ. ಎಡಗಡೆ ಮೂರನೆಯದು ಅಲುಗಾಡಿತು. ಅವನು ಕನ್ನಡಕ ಏರಿಸಿಕೊಂಡು ನನ್ನನ್ನು ನೋಡಿದ. ಯಾರಮ್ಮ ನಿಮಗೆ ಇದನ್ನು ಕಲಿಸಿದ್ದು ಎಂದು ಕೇಳಿದ. ಯಾಕೋ ಗೊತ್ತಿಲ್ಲ, ಹೇಳಿಬಿಟ್ಟೆ. ಗಂಡನಿಗೆ, ಮಗನಿಗೆ ಹೇಳದ್ದನ್ನು, ಹೆಸರೂ ಗೊತ್ತಿಲ್ಲದ ಅವನಿಗೆ ಮೊದಲಿನಿಂದ ಹೇಳಿದೆ. ಬಟ್ಟೆ ಸರಿಸಿದ್ದು, ಕುಂಕುಮ ಇಟ್ಟದ್ದು, ಕೆಂಪು ನೀರು, ಹಸಿರು ಚುಕ್ಕೆ. ಅವನು ಬೆಸುಗೆ ಬಿಡಿಸಿ ಮತ್ತೆ ಮಾಡುತ್ತಲೇ ಕೇಳಿದ. ಹೊಗೆ ನನ್ನ ಕಡೆಗೇ ಬರುತ್ತಿತ್ತು.

ಮುಗಿದ ಮೇಲೆ ಅವನು ಕಾದ ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟ. "ಆವತ್ತೇ ಹೇಳ್ಬೇಕಾಗಿತ್ತಲ್ಲಮ್ಮ" ಅಂದ. ಬೈದದ್ದಲ್ಲ, ಸುಮ್ಮನೆ ಅಂದ.

ಹೌದಪ್ಪ, ಆವತ್ತೇ ಹೇಳಬೇಕಾಗಿತ್ತು ಅಂದೆ. ಬೋರ್ಡು ಆರಿದ ಮೇಲೆ ಅದನ್ನು ಮತ್ತೆ ಹಳೇ ಟವೆಲ್ಲಿನಲ್ಲಿ ಸುತ್ತಿಕೊಂಡೆ.